ನನ್ನ ತಮ್ಮನ ಇನ್ನೊಬ್ಬ ಅಕ್ಕ

ನನ್ನ ತಮ್ಮ ಸಿಲೋನಿನ ಯುದ್ಧಕ್ಕೆ ಹೋಗಿ ಸತ್ತ. ಹೀಗೆ ಹೇಳಿದರೆ ನಮ್ಮ ಕಡೆಯವರು ಇವತ್ತಿಗೂ ನಂಬುವುದಿಲ್ಲ. ತುರುವೇಕೆರೆ ಸೀಮೆಯ ತೆಂಗಿನ ತೋಟದ ಹುಡುಗ, ತಮಿಳು ಮನೆಮಾತಲ್ಲ, ಆ ದೇಶದಲ್ಲಿ ನೆಂಟರಿಲ್ಲ ಇಷ್ಟರಿಲ್ಲ, ಅವನಿಗೇನಿತ್ತು ಅಲ್ಲಿ ಕೆಲಸ ಅನ್ನುತ್ತಾರೆ. ಯಾರೋ ತಲೆ ಕೆಡಿಸಿದರು ಅಂತ ತೀರ್ಮಾನ ಮಾಡಿ ಎದ್ದು ಹೋಗುತ್ತಾರೆ. ತಲೆ ಕೆಡಿಸಿದವರು ಇದ್ದದ್ದು ನಿಜ. ಆದರೆ ದೋಣಿ ಹತ್ತುವ ಮುಂಚೆ ಅವನು ಊರಿಗೆ ಒಂದು ಕಾಗದ ಬರೆದು, ಹೋಗಲೋ ಬೇಡವೋ ಅಂತ ಕೇಳಿದ್ದ. ಆ ಕಾಗದಕ್ಕೆ ಉತ್ತರ ಬರೆದವಳು ನಾನು.

ಅವನು ಹತ್ತು ತಿಂಗಳ ಕೂಸಾಗಿದ್ದಾಗ ಅವ್ವ ತೀರಿಕೊಂಡಳು. ನನಗಾಗ ಒಂಬತ್ತು ವರ್ಷ, ನಾಲ್ಕನೇ ಕ್ಲಾಸು. ಸ್ಲೇಟನ್ನು ಗೂಡಿನಲ್ಲಿಟ್ಟು ಅವನನ್ನು ಕಂಕುಳಿಗೆ ಎತ್ತಿಕೊಂಡೆ, ಮತ್ತೆ ಸ್ಕೂಲಿನ ಕಡೆ ಹೋಗಲಿಲ್ಲ. ಅದಕ್ಕಾಗಿ ನಾನು ಅತ್ತ ನೆನಪಿಲ್ಲ. ಸ್ಕೂಲು ಹೋದರೂ ಅವನು ಸಿಕ್ಕಿದ್ದ. ಬೀದಿಯ ಹೆಂಗಸರು ಎತ್ತಿಕೊಳ್ಳಲು ಕೈ ಚಾಚಿದರೆ ನಾನು ಕೊಡುತ್ತಿರಲಿಲ್ಲ. ಮಾತು ಬಂದ ಮೇಲೆ ಪಕ್ಕದ ಮನೆ ಹುಡುಗಿಯನ್ನು ಒಂದು ದಿನ ಅಕ್ಕ ಅಂದ. ತೊಡೆ ಚಿವುಟಿದೆ.

"ಅವ್ಳು ಅಕ್ಕ ಅಲ್ಲ ಕಣ್ಲಾ. ಹೆಸ್ರಿಡ್ದು ಕರಿ. ಅಕ್ಕ ಅಂದ್ರೆ ಒಬ್ಳೇ."

ಇನ್ನೊಂದು ಕೆಟ್ಟ ಬುದ್ಧಿ ನನಗಿತ್ತು. ಅವನು ಏನಾದರೂ ತಪ್ಪು ಮಾಡಿದರೆ, "ಹೋಗು, ನೀನು ನನ್ನ ತಮ್ಮನೇ ಅಲ್ಲ, ಎಲ್ಲಾದ್ರೂ ಹೋಗು" ಅನ್ನುತ್ತಿದ್ದೆ. ಅವನು ಬಾಗಿಲ ತನಕ ಹೋಗಿ ತಿರುಗಿ ಬಂದು ನನ್ನ ಸೆರಗು ಹಿಡಿದು ನಿಲ್ಲುತ್ತಿದ್ದ. ಆ ನಿಲ್ಲುವುದನ್ನು ನೋಡುವುದಕ್ಕೇ ಎಷ್ಟೋ ಸಲ ತಪ್ಪಿಲ್ಲದಿದ್ದರೂ ಹೋಗು ಅಂದಿದ್ದೇನೆ.

ಹದಿನೇಳಕ್ಕೆ ನನ್ನನ್ನು ಸೋದರಮಾವನಿಗೇ ಕೊಟ್ಟರು. ಎರಡು ಬೀದಿ ಆಚೆ ಮನೆ. ಬೆಳಿಗ್ಗೆ ಸಂಜೆ ಅಪ್ಪನ ಮನೆಯ ಒಲೆಯನ್ನೂ ನಾನೇ ಹಚ್ಚುತ್ತಿದ್ದೆ. ಆದರೂ ಗೌರಿ ಹಬ್ಬಕ್ಕೆ ತವರಿನ ಬಾಗಿನ ಬರಲೇಬೇಕಲ್ಲ. ಎಂಟು ವರ್ಷದ ತಮ್ಮ ಮೊರದ ಮೇಲೆ ಬಟ್ಟೆ ಮುಚ್ಚಿಕೊಂಡು, ಹತ್ತಿರದ ದಾರಿ ಬಿಟ್ಟು, ಊರನ್ನೆಲ್ಲ ಸುತ್ತಿ ಬರುತ್ತಿದ್ದ. ಯಾರಾದರೂ "ಎಲ್ಲಿಗ್ಲಾ ಸವಾರಿ" ಅಂದರೆ "ನಮ್ಮಕ್ಕನ ಮನೆಗೆ" ಅಂತ ನಿಂತು ಹೇಳಿ ಬರುತ್ತಿದ್ದ. ನಾನು ಬಾಗಿಲಲ್ಲಿ ಮುಖ ಊದಿಸಿಕೊಂಡು ನಿಂತಿರುತ್ತಿದ್ದೆ. ತಡವಾಯಿತು, ಬಳೆ ಸಣ್ಣದಾಯಿತು, ಹೀಗೆ ಏನಾದರೊಂದು ನೆವ. ನಮ್ಮ ಕಡೆ ಇದು ಇದ್ದದ್ದೇ. ಹಬ್ಬದಲ್ಲಿ ಅಕ್ಕ ಮುನಿಸಿಕೊಳ್ಳಬೇಕು, ತಮ್ಮ ಬಂದು ರಮಿಸಬೇಕು. ಮುನಿಸಿಕೊಳ್ಳದ ಅಕ್ಕನನ್ನು ತವರಿನ ಮೇಲೆ ಆಸೆಯೇ ಇಲ್ಲದವಳು ಅಂದುಕೊಳ್ಳುತ್ತಾರೆ.

ಎಸ್ಸೆಸ್ಸೆಲ್ಸಿಯಲ್ಲಿ ಎರಡು ಸಲ ಫೇಲಾದ. ಅಪ್ಪ ಬೈಯಲಿಲ್ಲ. ಅಟ್ಟದ ಕೆಲಸಕ್ಕೆ ಹಾಕಿಕೊಂಡರು. ಅಟ್ಟಕ್ಕೆ ಹಾಕಿದ ಕಾಯಿ ಹೆಚ್ಚು ಕಡಿಮೆ ಒಂದು ವರ್ಷ ಅಲ್ಲೇ ಕೂತು, ನೀರು ಬತ್ತಿ, ತಿರುಳು ಚಿಪ್ಪಿನಿಂದ ಬಿಟ್ಟುಕೊಂಡು ಕೊಬ್ಬರಿಯಾಗುತ್ತದೆ. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಒಳಗಿನ ಗಿಟುಕು ಸದ್ದು ಮಾಡಬೇಕು. ಆ ಸದ್ದು ಕೇಳಿ ಇದು ಆಗಿದೆ, ಇದಕ್ಕಿನ್ನೂ ತಿಂಗಳು ಬೇಕು ಅಂತ ಹೇಳುವುದರಲ್ಲಿ ಅವನು ಅಪ್ಪನನ್ನೂ ಮೀರಿಸಿದ್ದ. ತಿಪಟೂರಿನ ಮಂಡಿ ಸಾಹುಕಾರರು ಅದನ್ನು ನೋಡಿಯೇ ಅವನನ್ನು ಕೇಳಿದ್ದು. ತಮಿಳುನಾಡಿನಲ್ಲಿ, ಸಮುದ್ರದ ದಂಡೆಯ ಒಂದು ಊರಿನಲ್ಲಿ, ಅವರ ಪಾಲುದಾರರ ಎಣ್ಣೆ ಮಿಲ್ಲಿತ್ತು. ಒಡಕು ಕೊಬ್ಬರಿ ಲಾರಿಯಲ್ಲಿ ಅಲ್ಲಿಗೆ ಹೋಗುತ್ತಿತ್ತು. ಇಳಿಸಿಕೊಂಡು ನೋಡಿಕೊಳ್ಳಲು ನಮ್ಮ ಕಡೆಯ ನಂಬಿಕೆಯ ಹುಡುಗ ಬೇಕಾಗಿತ್ತು. ಹೋದಾಗ ಅವನಿಗೆ ಹತ್ತೊಂಬತ್ತು.

ತಿಂಗಳಿಗೊಂದು ಕಾಗದ ಬರುತ್ತಿತ್ತು. ಅಪ್ಪನಿಗೆ ಅಕ್ಷರ ಬಾರದು. ಜಗಲಿಯ ಮೇಲೆ ಕೂತು ನಾರು ಹೊಸೆಯುತ್ತಿದ್ದರು, ನಾನು ಓದಿ ಹೇಳುತ್ತಿದ್ದೆ. ಸಮುದ್ರದ ಗಾಳಿಗೆ ಬಟ್ಟೆ ಒಣಗುವುದೇ ಇಲ್ಲ, ರಾಗಿಮುದ್ದೆ ಕನಸಿನಲ್ಲಿ ಬರುತ್ತದೆ, ಇಂಥವು. ಕಾಗದ ಮುಗಿದ ಮೇಲೆ ಅಪ್ಪ "ಇನ್ನೊಂದ್ಸಲ ಓದವ್ವ" ಅನ್ನುತ್ತಿದ್ದರು.

ಎಂಬತ್ತಮೂರರಲ್ಲಿ ಸಿಲೋನಿನಲ್ಲಿ ತಮಿಳರ ಮನೆಗಳಿಗೆ ಬೆಂಕಿ ಬಿತ್ತು, ಜನ ದೋಣಿ ಹತ್ತಿ ಈಚೆ ಬಂದರು. ಮಿಲ್ಲಿನ ಹಿಂದಿನ ಖಾಲಿ ಗೋಡೌನಿನಲ್ಲಿ ಒಂದಷ್ಟು ಜನರನ್ನು ಇಳಿಸಿದ್ದಾರೆ, ನಾನು ನೀರು ಹೊತ್ತು ಕೊಟ್ಟು ಬಂದೆ ಅಂತ ತಮ್ಮ ಬರೆದ. ಮುಂದಿನ ಸಾಲು ಹೀಗಿತ್ತು: "ಅಲ್ಲಿ ಒಬ್ಬ ಅಕ್ಕ ಇದ್ದಾರೆ. ಅವರ ಮನೆ ಸುಟ್ಟರಂತೆ, ತಮ್ಮನನ್ನು ಕಣ್ಣೆದುರಿಗೇ ಕೊಂದರಂತೆ. ಅವನದೂ ನನ್ನದೂ ಒಂದೇ ವಯಸ್ಸು."

ನಾನು ಓದುವಾಗ ಅಕ್ಕ ಅನ್ನುವುದನ್ನು ಬಿಟ್ಟು "ಒಬ್ಬ ಹೆಂಗಸು ಇದ್ದಾಳೆ" ಅಂತ ಓದಿದೆ. ಅವನ ಕಾಗದವನ್ನು ನಾನು ತಪ್ಪಾಗಿ ಓದಿದ್ದು ಅದೇ ಮೊದಲು.

"ಪಾಪ" ಅಂದರು ಅಪ್ಪ. "ಊಟಕ್ಕೇನ್ಮಾಡ್ತಾರಂತೆ?"

"ಬರ್ದಿಲ್ಲ" ಅಂದೆ. ಬರೆದಿದ್ದ. ಅವಳು ಮೂರು ಕಲ್ಲಿಟ್ಟು ಗಂಜಿ ಬೇಯಿಸುತ್ತಾಳೆ, ತನಗೂ ಒಂದು ಲೋಟ ಎತ್ತಿಡುತ್ತಾಳೆ ಅಂತ ಬರೆದಿದ್ದ.

ಆಮೇಲಿನ ಕಾಗದಗಳಲ್ಲಿ ಅಣ್ಣಂದಿರು ಬಂದರು. ಅವನು ಹಾಗೇ ಕರೆಯುತ್ತಿದ್ದ. ಸಂಜೆ ಗೋಡೌನಿಗೆ ಬಂದು ಒಬ್ಬೊಬ್ಬರ ಕಥೆ ಕೇಳುವವರು. ಯಾರಿಗೂ ದನಿ ಎತ್ತಿ ಮಾತಾಡುವುದಿಲ್ಲ, ಮುದುಕಿಯರಿಗೆ ಮಾತ್ರೆ ತಂದು ಕೊಡುತ್ತಾರೆ, ಎಸ್ಸೆಸ್ಸೆಲ್ಸಿ ಫೇಲಾದವನನ್ನೂ ಪಕ್ಕಕ್ಕೆ ಕೂರಿಸಿಕೊಂಡು ನಿನಗೇನನಿಸುತ್ತದೆ ತಂಬಿ ಅಂತ ಕೇಳುತ್ತಾರೆ. ನಮ್ಮೂರಲ್ಲಿ ಅವನನ್ನು ಯಾರೂ ಹಾಗೆ ಕೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ಅವರ ಹತ್ತಿರ ಒಂದು ಕ್ಯಾಸೆಟ್ ಇತ್ತು, ಯಾರದೋ ಭಾಷಣ. "ಅರ್ಧ ಅರ್ಥವಾಗುತ್ತದೆ. ಅರ್ಥವಾಗದ ಅರ್ಧವೇ ಹೆಚ್ಚು ಕಾಡುತ್ತದೆ" ಅಂತ ಬರೆದಿದ್ದ. ಮುಂದೆ ಬೀಡಿ ಬಿಟ್ಟೆ ಅಂದ, ಬೆಳಗಿನ ಜಾವ ತಾಳೆಮರದ ತೋಪಿನಲ್ಲಿ ಅವರ ಜೊತೆ ಓಡುತ್ತೇನೆ ಅಂದ. ಒಂದು ಕಾಗದದ ಕೊನೆಯಲ್ಲಿ ಅಪ್ಪ ಇಟ್ಟ ಹೆಸರಿನ ಜಾಗದಲ್ಲಿ ಆ ಅಣ್ಣಂದಿರು ಇಟ್ಟ ಹೆಸರಿತ್ತು.

ಬೇರೆ ಯಾರೇ ಆಗಿದ್ದರೂ ಅಷ್ಟು ಹೊತ್ತಿಗೆ ಹೆದರುತ್ತಿದ್ದರು. ನಾನು ಹೆದರಲಿಲ್ಲ. ನನ್ನ ಕಣ್ಣು ಅಲ್ಲಿರಲೇ ಇಲ್ಲ. ಕಾಗದ ಕೈಗೆ ಬಂದ ಕೂಡಲೇ ಅದರಲ್ಲಿ ಅವಳು ಎಷ್ಟು ಸಲ ಬಂದಿದ್ದಾಳೆ ಅಂತ ನೋಡುತ್ತಿದ್ದೆ. ಪ್ರೀತಿಯ ಅಕ್ಕನಿಗೆ ಅಂತ ನನಗೆ ಬರೆಯುತ್ತಿದ್ದದ್ದು ಮೊದಲ ಸಾಲು ಒಂದೇ. ಅದಾದ ಮೇಲೆ ಅಕ್ಕ ಅಂದಲ್ಲೆಲ್ಲ ಅವಳೇ. ಅಕ್ಕನಿಗೆ ಜ್ವರ. ಅಕ್ಕ ಇವತ್ತು ನಕ್ಕರು. ಅಕ್ಕ ನನ್ನ ಅಂಗಿ ಹೊಲಿದುಕೊಟ್ಟರು.

ಮುಂದಿನ ವರ್ಷ ಅಟ್ಟ ಇಳಿಸುವ ಹೊತ್ತಿಗೆ ಕೊಬ್ಬರಿ ಲಾರಿಯಲ್ಲಿ ಬಂದ. ಐದು ದಿನ ಇದ್ದ. ಕಪ್ಪಾಗಿದ್ದ, ಕೆನ್ನೆ ಒಳಗೆ ಹೋಗಿತ್ತು, ಕೂರುವಾಗಲೂ ನೆಟ್ಟಗೆ ಕೂರುತ್ತಿದ್ದ. ನಾನು ಹುರುಳಿಕಾಳು ಸಾರು, ಮುದ್ದೆ ಬಡಿಸಿದೆ. ಎರಡು ಮುದ್ದೆ ತಿಂದ. ಅಷ್ಟಕ್ಕೇ ಸುಮ್ಮನಿರಬಹುದಿತ್ತು.

"ಅಲ್ಲಿ ಅಕ್ಕ ತೆಂಗಿನಹಾಲು ಹಿಂಡಿ ಒಂದು ಸಾರು ಮಾಡ್ತಾರೆ ಕಣಕ್ಕ. ನೀನು ಕಲ್ತ್ಕೋಬೇಕು."

"ತೆಂಗಿನಕಾಯಲ್ಲಿ ಸಾರು ಮಾಡೋದ್ನ ನಾನು ಸಿಲೋನಿನೋಳ ಹತ್ರ ಕಲೀಬೇಕೇನ್ಲಾ?"

ಅಪ್ಪ ನಕ್ಕರು. "ಬುಡು, ಇವಳ ಮುಂದೆ ಇನ್ನೊಬ್ಬಳ ಕೈರುಚಿ ಹೊಗಳ್ತೀಯಲ್ಲ, ಬುದ್ಧಿ ಎಲ್ಲಿಟ್ಟಿದ್ದೀಯ."

ಊಟ ಆದ ಮೇಲೆ ಚೀಲದಿಂದ ಒಂದು ಕವರ್ ತೆಗೆದು ಫೋಟೋ ತೋರಿಸಿದ. ಸುಟ್ಟ ಮನೆಗಳು, ರಸ್ತೆಯಲ್ಲಿ ಸಾಲಾಗಿ ಮಲಗಿಸಿದ ಹೆಣಗಳು, ಅದರಲ್ಲಿ ಮಕ್ಕಳದೂ ಇದ್ದವು. ಅಪ್ಪ ಒಂದು ನೋಡಿ ಮುಖ ತಿರುಗಿಸಿದರು. ನಾನು ಎಲ್ಲವನ್ನೂ ನೋಡಿದೆ, ಒಂದೊಂದನ್ನೂ ಹತ್ತಿರ ಹಿಡಿದು ನೋಡಿದೆ. ನನ್ನ ಮನಸ್ಸು ಕರಗಿತು ಅಂತ ಅವನು ತಿಳಿದುಕೊಂಡ. ನಾನು ಬದುಕಿರುವವರಲ್ಲಿ ಅವಳು ಯಾರು ಅಂತ ಹುಡುಕುತ್ತಿದ್ದೆ. ಕೊನೆಯ ಫೋಟೋದಲ್ಲಿ ಗೋಡೌನಿನ ಮುಂದೆ ಒಂದಷ್ಟು ಜನ ನಿಂತಿದ್ದರು. ತುದಿಯಲ್ಲಿದ್ದವಳನ್ನು ಬೆರಳಿಟ್ಟು ತೋರಿಸಿದ. ನನಗಿಂತ ಚಿಕ್ಕವಳು, ಮೂಳೆ ಚಕ್ಕಳ, ಯಾರದೋ ದೊಗಳೆ ರವಿಕೆ. ಚೆಂದವೇನೂ ಇರಲಿಲ್ಲ. ಅದನ್ನು ನೋಡಿ ಒಂದು ಗಳಿಗೆ ಖುಷಿಯಾಯಿತು.

"ಆ ಜನಕ್ಕೆ ಯಾರೂ ಇಲ್ಲ ಕಣಪ್ಪ" ಅಂತ ಅಪ್ಪನಿಗೆ ಹೇಳುತ್ತಿದ್ದ. "ನೋಡಿಯೂ ಸುಮ್ನೆ ಕೊಬ್ರಿ ತೂಗ್ಕೊಂಡಿರೋದು ಹೆಂಗೆ?"

"ನೀನು ನೀರು ಕೊಟ್ಟೆ, ಗಂಜಿಗೆ ಅಕ್ಕಿ ಕೊಟ್ಟೆ. ಸಾಕು. ಬಂದೂಕ ಹಿಡಿಯೋದು ಅವರ ಮನೆ ವಿಚಾರ" ಅಂದರು ಅಪ್ಪ. ಬಂದೂಕದ ಮಾತನ್ನು ಅವನು ಎತ್ತಿರಲಿಲ್ಲ, ಆದರೂ ಅಪ್ಪನಿಗೆ ತಿಳಿದಿತ್ತು. ಕಾಗದಗಳಲ್ಲಿ ನಾನು ಬಿಟ್ಟದ್ದನ್ನೆಲ್ಲ ಅವನ ಕೂರುವ ರೀತಿಯಲ್ಲಿ ಅವರು ಓದಿಕೊಂಡಿದ್ದರು. ಹೊರಡುವ ದಿನ, "ಇಲ್ಲೇ ಇದ್ಬುಡ್ಲಾ, ಅಟ್ಟ ನಿನಗೇ ಬುಡ್ತೀನಿ" ಅಂದರು. ಅವನು ನನ್ನ ಮುಖ ನೋಡಿದ. ಅವಳು ಓಲೆಯಲ್ಲಿ ಹೆಣೆದ ಒಂದು ಪುಟ್ಟ ಪೆಟ್ಟಿಗೆಯನ್ನು ನನಗೆ ಅಂತ ಕೊಟ್ಟು ಕಳಿಸಿದ್ದಳು. ಅದಕ್ಕೆ ನಾನು ಕೋಳಿಗೆ ಹಾಕುವ ನುಚ್ಚು ತುಂಬಿಟ್ಟಿದ್ದೆ. ಅವನು ಅದನ್ನೂ ನೋಡಿದ. "ಬತ್ತೀನಿ ಅಕ್ಕ" ಅಂತ ಲಾರಿ ಹತ್ತಿದ.

ಮತ್ತೊಂದು ವರ್ಷ ಕಳೆಯಿತು. ಮಿಲ್ಲಿನ ಕೆಲಸ ಬಿಟ್ಟು ಅಣ್ಣಂದಿರ ಜೊತೆಗೇ ಇದ್ದಾನೆ ಅಂತ ಲಾರಿಯವರು ಮಂಡಿಯಲ್ಲಿ ಹೇಳಿದ್ದರು. ಗೌರಿ ಹಬ್ಬಕ್ಕೆ ಮೂರು ವಾರ ಇರುವಾಗ ಕಾಗದ ಬಂತು. ಆ ಕಾಗದದ ಪ್ರತಿ ಅಕ್ಷರ ನನಗೆ ಬಾಯಿಗೆ ಬರುತ್ತದೆ. ಮೊದಲು ಸೀರೆಯ ಸಂಗತಿ. ಹಬ್ಬಕ್ಕೆ ಅಂತ ನನಗೆ ಹಸಿರು ಸೀರೆ ತೆಗೆದಿದ್ದನಂತೆ. "ಇಲ್ಲಿ ಅಕ್ಕನಿಗೆ ಉಟ್ಟ ಸೀರೆ ಬಿಟ್ಟರೆ ಇನ್ನೊಂದಿಲ್ಲ. ಅವರಿಗೆ ಕೊಟ್ಟೆ. ನೀನು ಬೇಜಾರು ಮಾಡಿಕೊಳ್ಳುವವಳಲ್ಲ ಅಂತ ನನಗೆ ಗೊತ್ತು."

ಆಮೇಲೆ ಇದು: "ಆಚೆ ಹೋಗುವವರ ಹೆಸರು ಬರೆದುಕೊಳ್ಳುತ್ತಿದ್ದಾರೆ. ಹಬ್ಬ ಕಳೆದ ಮೇಲೆ ದೋಣಿ ಹೊರಡುತ್ತದೆ. ನಾನಿನ್ನೂ ಹೆಸರು ಕೊಟ್ಟಿಲ್ಲ. ಅಪ್ಪ, ನೀನು ಬೇಡ ಅಂದರೆ ಕೊಡುವುದಿಲ್ಲ, ಊರಿಗೆ ಬರುತ್ತೇನೆ. ಬೇಗ ಬರೆ."

ಸೀರೆಯದನ್ನು ಬಿಟ್ಟು ಉಳಿದದ್ದನ್ನು ಅಪ್ಪನಿಗೆ ಸರಿಯಾಗಿಯೇ ಓದಿದೆ. ನಾರು ಹೊಸೆಯುತ್ತಿದ್ದ ಕೈ ನಿಂತಿತು.

"ಬರಿ. ಈಗ್ಲೇ ಬರಿ" ಅಂದರು. "ಬೇಡ ಅನ್ನು. ಅಟ್ಟ ಹಂಗೇ ಐತೆ, ನನ್ನ ಕಿವಿಗೆ ಸದ್ದು ಹತ್ತಾಕಿಲ್ಲ, ನೀನೇ ಬಂದು ಇಳಿಸ್ಬೇಕು ಅನ್ನು. ಅಕ್ಕನೂ ಕಾಯ್ತಾವ್ಳೆ ಅನ್ನು."

ಇನ್‌ಲ್ಯಾಂಡ್ ಕಾಗದ ತೊಡೆಯ ಮೇಲಿಟ್ಟುಕೊಂಡು ಬರೆದೆ. ಅಪ್ಪ ಹೇಳುತ್ತಾ ಹೋದರು, ನಾನು ತಲೆ ಅಲ್ಲಾಡಿಸುತ್ತಾ ಬೇರೆಯದನ್ನೇ ಬರೆಯುತ್ತಾ ಹೋದೆ. "ಅಪ್ಪ ನಿನ್ನಿಷ್ಟ ಅಂದರು. ಅಟ್ಟದ ಕೆಲಸಕ್ಕೆ ಆಳು ಸಿಕ್ಕಿದ್ದಾರೆ. ಇಲ್ಲಿ ನಿನಗೆ ಯಾರೂ ಕಾದಿಲ್ಲ. ನಿನ್ನ ಅಕ್ಕ ಎಲ್ಲಿದ್ದಾಳೋ ಅಲ್ಲೇ ಇರು. ಹೋಗುವುದಿದ್ದರೆ ಹೋಗು."

ನಾನು ಅವನನ್ನು ಸಾಯಲಿ ಅಂತ ಬರೆಯಲಿಲ್ಲ. ಇದನ್ನು ನಂಬಿ ಅಂತ ಕೇಳುವ ಹಕ್ಕು ನನಗಿಲ್ಲ, ಆದರೂ ಹೇಳುತ್ತೇನೆ. ಹೋಗು ಅಂದರೆ ಅವನು ಬಾಗಿಲಿಂದ ತಿರುಗಿ ಬರುತ್ತಿದ್ದವನು. ಹಬ್ಬದ ಮುಂಚೆ ಅಕ್ಕ ಮುನಿಸಿಕೊಂಡರೆ ರಮಿಸಲು ಬರಬೇಕಾದವನು. ಕಾಗದ ಓದಿದ ದಿನವೇ ಬಸ್ಸು ಹತ್ತುತ್ತಾನೆ, ಇನ್ನೊಂದು ಸೀರೆ ಹಿಡಿದುಕೊಂಡು ನನ್ನ ಬಾಗಿಲಿಗೆ ಬಂದು ನಿಲ್ಲುತ್ತಾನೆ, ಎರಡು ದಿನ ಮಾತಾಡಿಸದೆ ಸತಾಯಿಸುತ್ತೇನೆ, ಇದು ನನ್ನ ಲೆಕ್ಕಾಚಾರ. ಅಪ್ಪನ ಹೆಸರಿನಲ್ಲಿ ಬಾ ಅಂದು ಕರೆಸಿದರೆ ಅಪ್ಪನ ಮಾತಿಗೆ ಬಂದಂತಾಗುತ್ತಿತ್ತು. ಅವಳನ್ನು ಬಿಟ್ಟು ನನಗಾಗಿ ಬರಬೇಕಿತ್ತು.

"ಬೇಡ ಅಂತ ಬರ್ದ್ಯಾ?" ಅಂದರು ಅಪ್ಪ.

"ಬರ್ದೆ."

"ಬಾ ಅಂತ?"

"ಅದ್ನೂ ಬರ್ದೆ ಕಣಪ್ಪ."

ಅಪ್ಪನೇ ಅದನ್ನು ತಗೊಂಡು ಹೋಗಿ ಡಬ್ಬಕ್ಕೆ ಹಾಕಿ ಬಂದರು.

ಹಬ್ಬದ ದಿನ ಬೆಳಿಗ್ಗೆಯಿಂದ ಬಾಗಿಲಲ್ಲೇ ಇದ್ದೆ. ಮಧ್ಯಾಹ್ನದ ಬಸ್ಸಿಗೆ ಬರಲಿಲ್ಲ, ಸಂಜೆಯ ಬಸ್ಸಿಗೂ ಬರಲಿಲ್ಲ. ಅಪ್ಪ ಬಸ್ ನಿಲ್ಲುವ ಕಡೆ ಹೋಗಿ ಕೂತು ಒಬ್ಬರೇ ತಿರುಗಿ ಬಂದರು. ಮೂರು ದಿನ ಹಾಗೇ ಆಯಿತು. ನಾಲ್ಕನೆಯ ದಿನ ಇನ್ನೊಂದು ಕಾಗದ ಬರೆದೆ, ಯಾರೂ ಹೇಳದೆ ನಾನೇ ಬರೆದೆ. ಬಾ, ಬೇಡ, ಹೋಗಬೇಡ, ನಾನು ಸುಮ್ಮನೆ ಬರೆದದ್ದು ಅಂತ. ಅದಕ್ಕೆ ಉತ್ತರ ಬರಲಿಲ್ಲ. ಅಪ್ಪ ಅಟ್ಟ ಇಳಿಸಲು ಒಪ್ಪಲಿಲ್ಲ. ಅವನು ಬರಲಿ ಅನ್ನುತ್ತಾ ಕಾರ್ತೀಕ ಕಳೆಯಿತು, ಅಟ್ಟದ ಮೇಲೆ ಇಲಿ ಓಡಾಡುವ ಸದ್ದು ಜಾಸ್ತಿಯಾಯಿತು.

ಸಂಕ್ರಾಂತಿ ಹೊತ್ತಿಗೆ ಕಾಗದ ಬಂತು. ತಮಿಳು ಅಕ್ಷರ. ತಿಪಟೂರಿನ ಮಂಡಿಯಲ್ಲಿ ಒಬ್ಬ ತಮಿಳು ಬಲ್ಲ ಗುಮಾಸ್ತರಿದ್ದರು, ಅಪ್ಪ ಅವರ ಹತ್ತಿರ ಹೊರಟರು. ನೀನು ಬರಬೇಡ ಅಂತ ಅವರು ಹೇಳಿದರೂ ನಾನು ಜೊತೆಗೆ ಹೋದೆ. ಗುಮಾಸ್ತರು ಮೂಟೆಗಳ ನಡುವೆ ನಮಗೆ ಜಾಗ ಮಾಡಿಕೊಟ್ಟರು. ಮೊದಲು ತಾವೇ ಓದಿಕೊಂಡು ಕನ್ನಡಕ ತೆಗೆದರು, ಮತ್ತೆ ಹಾಕಿಕೊಂಡರು.

"ಇದನ್ನ ಬರೆದೋರು ಅಲ್ಲಿ ಕ್ಯಾಂಪಿನಲ್ಲಿರೋ ಹೆಣ್ಣುಮಗಳು ಕಣಪ್ಪ, ನಿಮ್ಮ ಹುಡುಗನ ಕಡೆಯೋರು. ಗಟ್ಟಿ ಮನಸ್ಸು ಮಾಡ್ಕೊ" ಅಂದು ಒಂದೊಂದೇ ಸಾಲನ್ನು ಕನ್ನಡದಲ್ಲಿ ಹೇಳಿದರು.

ದೋಣಿ ಆಚೆ ದಡ ಮುಟ್ಟುವ ಮುಂಚೆಯೇ ಕಡಲ ಕಾವಲಿನವರ ಗುಂಡಿಗೆ ಸಿಕ್ಕಿತು. ಹೋದವರಲ್ಲಿ ಒಬ್ಬನೇ ಈಜಿ ಬದುಕಿ ಬಂದ, ಅವನ ಬಾಯಿಂದ ಸುದ್ದಿ ತಿಳಿಯಿತು. ಹೆಣ ಸಿಗಲಿಲ್ಲ. "ನಾನು ಹೋಗಬೇಡ ಅಂದೆ. ಒಬ್ಬ ತಮ್ಮನನ್ನು ಕೊಟ್ಟಿದ್ದೇನೆ, ಇನ್ನೊಬ್ಬನನ್ನು ಕೊಡಲಾರೆ ಅಂದೆ. ನನ್ನ ಮಾತು ಕೇಳಲಿಲ್ಲ. ಹಾಗಾದರೆ ನಿನ್ನ ಮನೆಯವರನ್ನು ಕೇಳು, ಅವರು ಹೂಂ ಅಂದರೆ ಮಾತ್ರ ಹೋಗು ಅಂತ ಆಣೆ ಹಾಕಿಸಿ ನಾನೇ ಕಾಗದ ಬರೆಸಿದೆ. ಬೇಡ ಅನ್ನುತ್ತಾರೆ ಅಂತ ನಂಬಿದ್ದೆ. ಉತ್ತರ ಬಂದ ದಿನ ನನಗೆ ಓದಿ ಹೇಳಿದ. ಅಪ್ಪ ನಿನ್ನಿಷ್ಟ ಅಂದಿದ್ದಾರೆ, ಅಕ್ಕ ಇಲ್ಲಿ ಯಾರೂ ಕಾದಿಲ್ಲ, ಹೋಗು ಅಂದಿದ್ದಾಳೆ ಅಂದ. ಆಮೇಲೆ ತಡೆಯಲು ನನ್ನಲ್ಲಿ ಮಾತಿರಲಿಲ್ಲ. ಆ ಅಕ್ಕನ ಮೇಲೆ ನನಗೆ ಕೋಪವಿಲ್ಲ. ನಮ್ಮ ಜನದ ಕಷ್ಟಕ್ಕೆ ಸ್ವಂತ ತಮ್ಮನನ್ನೇ ಕಳಿಸಬೇಕಾದರೆ ಅವರದು ಎಷ್ಟು ದೊಡ್ಡ ಮನಸ್ಸಿರಬೇಕು."

ಗುಮಾಸ್ತರು ತಲೆ ಎತ್ತಿ ನನ್ನನ್ನು ನೋಡಿದರು. ಅಪ್ಪ ನೋಡಲಿಲ್ಲ.

ಇನ್ನೂ ಎರಡು ಸಾಲಿತ್ತು. ಹೊರಡುವ ದಿನ ಅವನಿಗೆ ಊಟ ಸೇರಲಿಲ್ಲವಂತೆ, ಅವಳು ಅನ್ನ ಕಲಸಿ ತುತ್ತು ಮಾಡಿ ಬಾಯಿಗಿಟ್ಟಳಂತೆ. ನನ್ನ ತಮ್ಮ ಸತ್ತ ಅನ್ನುವುದನ್ನು ಆಗತಾನೇ ಕೇಳಿದ ನನ್ನ ಎದೆಯಲ್ಲಿ ಮೊದಲು ಚುರ್ ಅಂದದ್ದು ಆ ತುತ್ತು. ಅಳು ಬಂದದ್ದು ಆಮೇಲೆ.

ಅಪ್ಪ ಕಾಗದ ಮಡಿಸಿ ಜೇಬಿಗಿಟ್ಟುಕೊಂಡರು. "ಅವ್ಳಿಗೊಂದು ಕಾಗ್ದ ಬರೀರಿ ಸ್ವಾಮಿ" ಅಂತ ಗುಮಾಸ್ತರಿಗೆ ಹೇಳಿದರು. "ನಿನಗೆ ಯಾರೂ ಇಲ್ದಿದ್ರೆ ನಮ್ಮನೆಗೆ ಬಾರವ್ವ ಅನ್ನಿ. ಮನೆ ಐತೆ, ತೋಟ ಐತೆ. ಬಾ ಅಂತ ಎರಡ್ಸಲ ಬರೀರಿ." ಬರೆದು ಮುಗಿಸಿದ ಮೇಲೆ, "ಏನ್ ಬರ್ದ್ರಿ, ಓದಿ" ಅಂದರು. ಗುಮಾಸ್ತರು ಓದಿದರು. ಅಪ್ಪ ಇನ್ನೊಂದು ಸಲ ಓದಿಸಿಕೊಂಡರು.

ಬಸ್ಸಿನಲ್ಲಿ ಅಪ್ಪ ಮುಂದೆ ಕೂತರು, ನಾನು ಹಿಂದೆ ಕೂತೆ. ಬೈಗುಳಕ್ಕೆ, ಹೊಡೆತಕ್ಕೆ ನಾನು ತಯಾರಾಗಿದ್ದೆ. ಊರಲ್ಲಿ ಇಳಿದು, "ನೀನು ನಿನ್ನ ಮನೆಗೆ ಹೋಗು" ಅಂದರು, ಅಷ್ಟೇ. ಆಮೇಲೆ ಅವರು ಆರು ವರ್ಷ ಬದುಕಿದ್ದರು. ನಾನು ಮಾಡಿದ ಅಡಿಗೆ ಉಂಡರು, ಜ್ವರ ಬಂದಾಗ ನನ್ನ ಕೈಯಿಂದಲೇ ಮಾತ್ರೆ ತಗೊಂಡರು. ಆದರೆ ಮನೆಗೆ ಬಂದ ಯಾವ ಕಾಗದವನ್ನೂ, ಕಂದಾಯದ ಚೀಟಿಯನ್ನು ಕೂಡ, ನನ್ನ ಕೈಗೆ ಕೊಡಲಿಲ್ಲ. ಸ್ಕೂಲಿನ ಮೇಷ್ಟ್ರ ಹತ್ತಿರ ತಗೊಂಡು ಹೋಗುತ್ತಿದ್ದರು.

ಅವಳು ಬರಲಿಲ್ಲ, ಉತ್ತರವನ್ನೂ ಬರೆಯಲಿಲ್ಲ. ಕ್ಯಾಂಪನ್ನು ಬೇರೆ ಊರಿಗೆ ಸಾಗಿಸಿದರು ಅಂತ ಲಾರಿಯವರು ಹೇಳಿದರು. ಆ ವರ್ಷವೆಲ್ಲ ಬಸ್ಸಿನ ಸದ್ದಾದರೆ ಅಪ್ಪ ಜಗಲಿಗೆ ಬಂದು ನಿಲ್ಲುತ್ತಿದ್ದರು. ನಾನು ಒಳಗಿನಿಂದ ನೋಡುತ್ತಿದ್ದೆ. ಇಳಿದವರಲ್ಲಿ ಅವಳಿಲ್ಲ ಅಂತ ತಿಳಿದ ಪ್ರತಿ ಸಲವೂ ನನಗೆ ಸಮಾಧಾನವಾಗುತ್ತಿತ್ತು. ಕಾಗದ ತಿರುಚಿ ಬರೆದದ್ದು ಅಪ್ಪನಿಗೂ ಗುಮಾಸ್ತರಿಗೂ ಗೊತ್ತಾಗಿತ್ತು. ಈ ಸಮಾಧಾನ ಯಾರಿಗೂ ಗೊತ್ತಿರಲಿಲ್ಲ.